ಟ್ರ್ಯಾಕ್ಟರಿನ ಹಿಂದೆ ಬಂದ ಸೋದರಮಾವ

ಆಯಿಲ್ ಮುಗಿದಿರಬಹುದು. ಆಯಿಲ್ ಇದ್ದೂ ಅದನ್ನು ಮೇಲಕ್ಕೆತ್ತುವ ಪಂಪು ಕೆಟ್ಟಿರಬಹುದು. ಪಂಪು ನೆಟ್ಟಗಿದ್ದರೂ, ಮೊನ್ನೆ ಬಜಾರಿನ ಹಂಪಿನ ಮೇಲೆ ‘ದಡ್’ ಅಂದಾಗ ಇಂಜಿನ್ನಿನ ತಳದ ಆಯಿಲ್ ತೊಟ್ಟಿ ನೆಗ್ಗಿ ಪಂಪಿನ ಬಾಯಿಗೇ ಅಡ್ಡ ಕೂತಿರಬಹುದು. ಬೇರಿಂಗು ಸವೆದಿರಬಹುದು. ಕಾರು ನಿಲ್ಲಿಸುವ ಶೆಡ್ಡಿನ ಇಲಿ ಕೊನೆಗೂ ವೈರು ಕಡಿದಿರಬಹುದು. ಸರ್ವಿಸ್ ಮಾಡಿದವನು ಯಾವುದೋ ಲಾರಿಯ ಆಯಿಲ್ ಸುರಿದಿರಬಹುದು. ಇಂಜಿನ್ ಇನ್ನು ಅರ್ಧ ಫರ್ಲಾಂಗಿನಲ್ಲಿ ಒಣಗಿ, ಬಿಸಿಯಾಗಿ, ಕಬ್ಬಿಣದ ಮುದ್ದೆಯಾಗಿ ನಿಂತುಬಿಡಬಹುದು. ಇವತ್ತು ಸಂಜೆಯೇ ಅಕ್ಕನ ಮಗಳಿಗೆ ನೋವು ಶುರುವಾಗಬಹುದು. ಆಂಬುಲೆನ್ಸು ಬೇರೆ ಯಾರನ್ನೋ ಕರೆದುಕೊಂಡು ಹೋಗಿರಬಹುದು. ಮಗು ಮೈಸೂರು ದಾರಿಯ ವರುಣಾ ಕೆರೆಯ ಏರಿಯ ಮೇಲೇ ಹುಟ್ಟಿ, ಬೆಳೆದು ದೊಡ್ಡದಾಗಿ, ಒಂದು ದಿನ ‘ನಾನು ಹುಟ್ಟಿದ್ದು ಎಲ್ಲಿ?’ ಎಂದು ಕೇಳಿದಾಗ ಮನೆಮಂದಿಯೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿ ನೋಡಬಹುದು.

ಇಷ್ಟನ್ನೂ ನಾನು ಯೋಚಿಸಿ ಮುಗಿಸಿದ್ದು, ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಸ್ಟೀರಿಂಗಿನ ಹಿಂದೆ ಎಣ್ಣೆ ಗಿಂಡಿಯ ಆಕಾರದ ಕೆಂಪು ದೀಪ ಹತ್ತಿಕೊಂಡ ಗಳಿಗೆಗೂ ನಾನು ಕಾರನ್ನು ಕಬ್ಬಿನ ಗದ್ದೆಯ ಪಕ್ಕಕ್ಕೆ ಹಾಕಿ ಕೀ ತಿರುಗಿಸಿದ ಗಳಿಗೆಗೂ ನಡುವೆ. ಬೇರೆ ಯಾವ ಕೆಲಸದಲ್ಲೂ ನನಗೆ ಈ ವೇಗವಿಲ್ಲ.

ನನ್ನದು ನಂಜನಗೂಡಿನಲ್ಲಿ ಒಂದು ಔಷಧಿ ಅಂಗಡಿ. ಮಾತ್ರೆಯ ಡಬ್ಬಿಯೊಳಗೆ ಸೊಳ್ಳೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಅಡ್ಡ ಪರಿಣಾಮಗಳನ್ನೆಲ್ಲ ಅಚ್ಚು ಹಾಕಿ ಮಡಿಸಿಟ್ಟಿರುತ್ತಾರಲ್ಲ, ಆ ಕಾಗದವನ್ನು ಪೂರ್ತಿ ಓದುವ ಪ್ರಾಣಿ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಓದಿದ ಮೇಲೆ ಅವೆಲ್ಲ ನನಗೆ ಆಗುತ್ತವೆ, ಮಾತ್ರೆ ನುಂಗಿದವರು ಆರಾಮಾಗಿರುತ್ತಾರೆ.

ಇಂಥವನನ್ನೇ ಅಕ್ಕನ ಮಗಳು ಸಾರಥಿಯನ್ನಾಗಿ ಆರಿಸಿಕೊಂಡಿದ್ದಳು. ಚೊಚ್ಚಲ ಹೆರಿಗೆ, ಪದ್ಧತಿಯಂತೆ ತವರಿಗೆ, ಅಂದರೆ ಟಿ. ನರಸೀಪುರಕ್ಕೆ ಬಂದಿದ್ದಳು. ಆಸ್ಪತ್ರೆ ಮೈಸೂರಿನಲ್ಲಿ ಗೊತ್ತುಮಾಡಿಯಾಗಿತ್ತು. ಅವಳ ಗಂಡನಿಗೂ ಕೆಲಸ ಮೈಸೂರಿನಲ್ಲೇ. ಅವನು ನೇರ ಆಸ್ಪತ್ರೆಗೆ ಬರುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಕರೆದುಕೊಂಡು ಹೋಗುವವರು ಯಾರು ಎಂಬ ಪ್ರಶ್ನೆ ಸೀಮಂತದ ದಿನವೇ ಎದ್ದಾಗ, ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದವಳು ಎಲ್ಲರೆದುರಿಗೆ ಹೇಳಿದ್ದಳು: “ಮಾವನೇ ಬರ್ಬೇಕು. ಅವ್ರಿದ್ರೆ ಭಯ ಪಡೋ ಕೆಲ್ಸ ಎಲ್ಲಾ ಅವ್ರೇ ಮಾಡ್ಕೋತಾರೆ. ನಂಗೆ ಉಳಿಯೋದೇ ಇಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಹುಟ್ಟಿದಾರಭ್ಯ ಯಾರಿಗೂ ಬೇಡವಾಗಿದ್ದ ನನ್ನ ಒಂದೇ ಒಂದು ಗುಣ, ಮೊದಲ ಬಾರಿಗೆ ಒಬ್ಬಳಿಗೆ ಬೇಕಾಗಿತ್ತು. ಇವತ್ತೋ ನಾಳೆಯೋ ಎಂದು ಡಾಕ್ಟರು ಹೇಳಿದ್ದರಿಂದ ಕಾರನ್ನು ಅಕ್ಕನ ಮನೆಯ ಮುಂದೆಯೇ ತಂದು ನಿಲ್ಲಿಸಿಕೊಂಡು ಕಾಯೋಣವೆಂದು ಆ ಬೆಳಿಗ್ಗೆ ಹೊರಟಿದ್ದೆ.

ಕೆಳಗಿಳಿದು ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದೆ. ಒರೆಸಿ, ಮತ್ತೆ ಅದ್ದಿ ಎಳೆದೆ. ಆಯಿಲ್ ಮೇಲಿನ ಗೆರೆಯವರೆಗೂ ಇತ್ತು. ಒಂದು ಚಿಂತೆ ಕಡಿಮೆಯಾಗಿ ಉಳಿದವು ಸ್ವಲ್ಪ ದಪ್ಪವಾದವು. ಬಾವನಿಗೆ ಫೋನು ಮಾಡಿದೆ. ಅಕ್ಕನ ಗಂಡ ಟಿ. ನರಸೀಪುರದಲ್ಲಿ ಟ್ರ್ಯಾಕ್ಟರು, ಪಂಪ್‌ಸೆಟ್ಟು ರಿಪೇರಿ ಮಾಡುವವರು. ಡೀಸೆಲ್ ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಫೋನಿಲ್ಲದೆಯೇ ನಂಜನಗೂಡಿಗೆ ಕೇಳಿಸುವಂಥ ಗಂಟಲು.

“ಬಾವ, ಆಯಿಲ್ ದೀಪ ಹತ್ಕೊಂಡಿದೆ.”

“ಸ್ಟಾರ್ಟ್ ಮಾಡ್‌ಬ್ಯಾಡ. ಎಲ್ಲಿದ್ದೀಯೆ?”

ಹೇಳಿದೆ.

“ಅಂಗೇ ಕಾರ್ ಪಕ್ಕದಲ್ಲಿ ನಿಂತಿರು. ಎದ್ರುಕಂಡು ಕಬ್ಬಿನ್ ಗದ್ದೆ ಒಳಕ್ಕೆ ಓಡೋಗ್‌ಬ್ಯಾಡ. ಬತ್ತೀನಿ.”

ಬಂದರು, ಟ್ರ್ಯಾಕ್ಟರಿನಲ್ಲಿ. ಎತ್ತು ಕಟ್ಟುವ ದಪ್ಪ ಹಗ್ಗವನ್ನು ಕಾರಿನ ಮೂತಿಗೆ ಬಿಗಿದು, “ಸ್ಟೇರಿಂಗ್ ಇಡ್ಕೊ. ಅಷ್ಟು ಮಾಡು ಸಾಕು” ಎಂದರು. ಇಂಜಿನ್ ಓಡದ ಕಾರಿನ ಸ್ಟೀರಿಂಗು ಒರಳುಕಲ್ಲಿನಂತಿರುತ್ತದೆ, ಬ್ರೇಕು ಅದಕ್ಕಿಂತ ಗಟ್ಟಿ. ಎರಡನ್ನೂ ಅವುಚಿಕೊಂಡು, ಟ್ರ್ಯಾಕ್ಟರಿನ ಹೊಗೆ ಕುಡಿಯುತ್ತ ಮೆರವಣಿಗೆ ಹೊರಟೆ. ಹುಲ್ಲಿನ ಹೊರೆ ಹೊತ್ತು ನಿಂತಿದ್ದ ಒಬ್ಬಾತ, “ಏನ್ ಸಾ, ಪೆಟ್ರೋಲ್ ಉಳ್ಸ್ತಾ ಇದ್ದೀರಾ?” ಎಂದು ಕೂಗಿದ. ಬಾವ ತಿರುಗಿ, “ಊಂ ಕಣಪ್ಪ, ಬಲು ಲೆಕ್ಕಾಚಾರದ ಬಾಮೈದ!” ಎಂದು ಉತ್ತರ ಕೊಟ್ಟರು.

ಮನೆಯ ಜಗಲಿಯಲ್ಲಿ ಅಕ್ಕನ ಮಗಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ನನ್ನನ್ನು ಕಂಡವಳೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಅಮ್ಮಾ, ಬಾರಮ್ಮ ಇಲ್ಲಿ, ಸೋದರಮಾವ ಹೆಂಗೆ ಬಂದ್ರು ನೋಡು!”

“ನಗ್‌ಬ್ಯಾಡ ಕಣೇ, ಜಗಲೀಲೇ ಎತ್ಬುಟ್ಟೀಯೆ” ಎಂದು ಅಕ್ಕ ಒಳಗಿನಿಂದ ಬಂದಳು. ನನ್ನ ಮುಖ ನೋಡಿ, “ಕಾಪಿ ಕುಡಿ ಮೊದ್ಲು. ಬಿಳುಚ್ಕಂಡಿದ್ದೀಯೆ” ಎಂದಳು.

ಮನೆಗೆ ಒತ್ತಿಕೊಂಡೇ ಇರುವ ತಗಡಿನ ಶೆಡ್ಡಿನಲ್ಲಿ ಬಾವ ಬಾನೆಟ್ಟಿನೊಳಗೆ ತಲೆ ಇಟ್ಟರು. ಸ್ವಲ್ಪ ಹೊತ್ತು ಏನೂ ಮುಟ್ಟಲಿಲ್ಲ. ಆಮೇಲೆ ತಲೆ ಹೊರಗೆ ತೆಗೆದು ತೀರ್ಪು ಕೊಟ್ಟರು: “ಪಂಪು ಕೆಟ್ಟೋಗದೆ. ಇಂಜಿನ್ ಕೆಳೀಕ್ ಇಳಿಸ್ಬೇಕು. ನಾಲ್ಕೈದ್ ದಿವ್ಸ ಮರ್ತ್ಬುಡು.”

ನಾನು ಮನಸ್ಸಿನಲ್ಲೇ ಆ ನಾಲ್ಕೈದು ದಿನ ಎಣಿಸತೊಡಗಿದೆ. ಎಣಿಸುತ್ತಿರುವಾಗಲೇ ಒಂದು ವಿಷಯ ಹೊಳೆಯಿತು. ದೀಪ ಹತ್ತಿದಾಗ ಇಂಜಿನ್ನಿನ ಸದ್ದು ಬದಲಾಗಿರಲಿಲ್ಲ. ಟಕ್ ಟಕ್ ಇಲ್ಲ, ಗೊರಗೊರ ಇಲ್ಲ. ಸದ್ದಿನ ವಿಷಯದಲ್ಲಿ ನನ್ನ ಕಿವಿಯನ್ನು ನಂಬಬಹುದು. ಇಲ್ಲದ ಸದ್ದನ್ನೂ ಕೇಳಿಸಿಕೊಳ್ಳುವ ಕಿವಿ ಅದು.

“ಬಾವ, ನಮ್ಮಂಗಡಿಗೆ ಬಂದು ಬಿ.ಪಿ. ನೋಡಿಸ್ಕೊಳ್ಳೋರು ಇರ್ತಾರಲ್ಲ. ಮಿಷನ್ ಒಂದೊಂದ್ ಸಲ ಸಾಯೋ ಅಷ್ಟು ಬಿ.ಪಿ. ತೋರಿಸುತ್ತೆ. ಮನುಷ್ಯ ಎದುರಿಗೇ ಎಲೆ ಅಡಿಕೆ ಹಾಕ್ಕೊಂಡು ನಗ್ತಾ ನಿಂತಿರ್ತಾನೆ. ಆವಾಗ ನಾನು ಆಂಬುಲೆನ್ಸ್ ಕರೆಯಲ್ಲ. ಬೇರೆ ಮಿಷನ್‌ನಲ್ಲಿ ನೋಡ್ತೀನಿ.”

“ನಿನ್ ಕಾರು ನಗ್ತಾ ಇತ್ತೇನ್ಲಾ?”

“ಅಳ್ತಾ ಇರ್ಲಿಲ್ಲ.”

ಬಾವ ಮೀಸೆ ಸವರಿಕೊಂಡರು. ಆ ಕೆಂಪು ದೀಪಕ್ಕೆ ಸುದ್ದಿ ಕೊಡುವುದು ಒಂದು ಸೆನ್ಸರು. ಹೆಬ್ಬೆರಳ ಗಾತ್ರದ್ದು, ಆಯಿಲ್ ಫಿಲ್ಟರಿನ ಹಿಂದೆ ಇಂಜಿನ್ನಿಗೆ ತಿರುಚಿ ಕೂರಿಸಿರುತ್ತಾರೆ. ಒಳಗೆ ಆಯಿಲ್ ಒತ್ತಡದಿಂದ ತಳ್ಳುತ್ತಿದ್ದರೆ ಅದು ಸುಮ್ಮನಿರುತ್ತದೆ, ಒತ್ತಡ ಬಿದ್ದರೆ ದೀಪ ಹತ್ತಿಸುತ್ತದೆ. ಇಷ್ಟೇ ಅದರ ಉದ್ಯೋಗ. ಸುಮ್ಮನಿರುವುದು, ಇಲ್ಲವೇ ಗಾಬರಿ ಬೀಳಿಸುವುದು. ನನಗೆ ಅದರ ಮೇಲೆ ಒಂದು ಬಗೆಯ ರಕ್ತಸಂಬಂಧದ ಪ್ರೀತಿ ಹುಟ್ಟಿತು.

ಮೊದಲು ವೈರಿನ ಪರೀಕ್ಷೆ. ಕೀ ತಿರುಗಿಸಿದೆ, ಇಂಜಿನ್ ಚಾಲೂ ಮಾಡಲಿಲ್ಲ. ದೀಪ ಹತ್ತಿತು, ಇಂಜಿನ್ ನಿಂತಿರುವಾಗ ಹತ್ತಲೇಬೇಕು. ಬಾವ ಸೆನ್ಸರಿನ ಬಾಯಿಂದ ವೈರಿನ ಪ್ಲಗ್ಗು ಕಿತ್ತರು. ದೀಪ ಆರಿತು. ಅಂದರೆ ವೈರು ಎಲ್ಲೂ ಸಿಪ್ಪೆ ಕಿತ್ತು ಬಾಡಿಗೆ ತಾಗಿಲ್ಲ. ನಂಜನಗೂಡಿನ ನನ್ನ ಶೆಡ್ಡಿನ ಇಲಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಇನ್ನು ದೊಡ್ಡ ಪರೀಕ್ಷೆ. ಟ್ರ್ಯಾಕ್ಟರುಗಳ ಆಯಿಲ್ ಒತ್ತಡ ನೋಡಲು ಬಾವನ ಹತ್ತಿರ ಒಂದು ಗೇಜು ಇತ್ತು; ಅಂಗೈ ಅಗಲದ ಗುಂಡು ಮುಖ, ಅದರಲ್ಲೊಂದು ಮುಳ್ಳು, ಕೆಳಗೆ ಉದ್ದನೆಯ ಟ್ಯೂಬು. ಸೆನ್ಸರು ಬಿಚ್ಚಿ ಆ ತೂತಿಗೆ ಟ್ಯೂಬಿನ ತುದಿ ಕೂರಿಸಿದರೆ ಇಂಜಿನ್ನಿನೊಳಗಿನ ನಿಜವಾದ ಒತ್ತಡ ಕಾಣುತ್ತದೆ. ಟ್ರ್ಯಾಕ್ಟರಿನದು ಕಾರಿಗೆ ಹಿಡಿಯುತ್ತದೋ ಇಲ್ಲವೋ ಎಂದು ನಾನು ಹೊಸ ಚಿಂತೆ ಶುರುಮಾಡಿದೆ. ಡಬ್ಬಿಯಲ್ಲಿದ್ದ ಜಾಯಿಂಟುಗಳನ್ನು ಒಂದೊಂದಾಗಿ ಹಿಡಿದು ನೋಡಿ, ಬಾವ ಒಂದನ್ನು ತಿರುಗಿಸಿದರು. ಅದು ತನ್ನದೇ ಮನೆ ಎಂಬಂತೆ ಒಳಗೆ ಹೋಯಿತು.

“ಮುಳ್ಳು ಮ್ಯಾಲೆದ್ರೆ ಮಗೀಗೆ ಎಸ್ರು ನೀನಿಡು. ಏಳ್ದೆವೋದ್ರೆ ನಾನಿಡ್ತೀನಿ” ಎಂದರು ಬಾವ.

“ಹೆಸ್ರು ನಾನಿಡ್ತೀನಿ, ನೀವಿಬ್ರೂ ಸುಮ್ನೆ ಗಾಡಿ ನೋಡಿ!” ಎಂದು ಜಗಲಿಯಿಂದ ಕೂಗು ಬಂತು.

ಕೀ ತಿರುಗಿಸಿದೆ. ಇಂಜಿನ್ ಹತ್ತಿಕೊಂಡಿತು. ಮುಳ್ಳು ಸೊನ್ನೆಯ ಮೇಲೆ ಒಂದು ಗಳಿಗೆ ಹಾಗೇ ಇತ್ತು. ಆ ಗಳಿಗೆಯಲ್ಲಿ ನಾನು ಇಂಜಿನ್ ಇಳಿಸಿ, ಹೊಸದು ಸಿಗದೆ, ಕಾರನ್ನು ಗುಜರಿಗೆ ಹಾಕಿ ಬಸ್ಸಿನಲ್ಲಿ ನಂಜನಗೂಡಿಗೆ ವಾಪಸ್ಸು ಹೋಗಿದ್ದೆ. ಆಮೇಲೆ ಮುಳ್ಳು ಒಮ್ಮೆ ನಡುಗಿ ಎದ್ದಿತು. ಎದ್ದದ್ದೆಂದರೆ, ಶಾಲೆಯಲ್ಲಿ ಹೆಸರು ಕೂಗಿದ ಹುಡುಗ ಎದ್ದು ನಿಂತಂತೆ ನೆಟ್ಟಗೆ ಎದ್ದು ನಿಂತುಬಿಟ್ಟಿತು!

“ಬಾವಾ!”

“ಕಾಣ್ತಾ ಅದೆ ಕಣ್ಲಾ! ರೇಸ್ ಮಾಡು, ರೇಸ್ ಮಾಡು!”

ಆಕ್ಸಿಲರೇಟರು ಒತ್ತಿದೆ. ಮುಳ್ಳು ಇನ್ನೂ ಮೇಲಕ್ಕೆ ಹೋಯಿತು. ಬಿಟ್ಟೆ, ಇಳಿದು ತನ್ನ ಜಾಗಕ್ಕೆ ಬಂದು ನಿಂತಿತು. ಇಂಜಿನ್ ಕಾದ ಮೇಲೆ ಎಣ್ಣೆ ತೆಳುವಾಗಿ ಒತ್ತಡ ಬಿದ್ದರೂ ಬೀಳಬಹುದು ಎಂದು ನನ್ನ ಮನಸ್ಸು ನೆನಪು ಮಾಡಿತು. ಕಾಯಿಸಿದೆವು. ಫ್ಯಾನು ತಿರುಗುವವರೆಗೂ ಕಾಯಿಸಿದೆವು. ಸ್ವಲ್ಪ ಇಳಿಯಿತು, ಆದರೆ ಬೀಳಲಿಲ್ಲ. ಬಾವ ಗೇಜನ್ನು ಮಗುವಿನಂತೆ ಎತ್ತಿ ಹಿಡಿದುಕೊಂಡು ಜಗಲಿಯತ್ತ ತೋರಿಸಿ, “ಇಂಜಿನ್ ಕಲ್ಲಿದ್ದಂಗದೆ! ನಾನ್ ಆವಾಗ್ಲೇ ಏಳ್ಲಿಲ್ವಾ, ಸೆನ್ಸರ್ದೇ ತಕರಾರು ಅಂತ?” ಎಂದರು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ, “ಮದ್ವೆಯಾದಾಗ್ಲಿಂದ ಇಂಗೇ” ಎಂದು ಒಳಗೆ ಹೋದಳು.

ಬಿಚ್ಚಿದ ಸೆನ್ಸರನ್ನು ಬೆಳಕಿಗೆ ಹಿಡಿದು ನೋಡಿದರೆ ಸುಳ್ಳಿನ ಕಾರಣ ಕಂಡಿತು. ಒಳಗಿನ ತೆಳು ಪೊರೆ ಹರಿದು, ವೈರು ಸಿಕ್ಕಿಸುವ ತುದಿಯಲ್ಲಿ ಆಯಿಲ್ ಜಿನುಗುತ್ತಿತ್ತು. ಅದನ್ನೇ ಮತ್ತೆ ಹಾಕುವಂತಿರಲಿಲ್ಲ. ತೂತು ತೆರೆದಿಟ್ಟು ಇಂಜಿನ್ ಓಡಿಸುವಂತೆಯೂ ಇರಲಿಲ್ಲ. ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನನ್ನ ಕಾರಿನದು ಇರಲಿಲ್ಲ. ನಂಜನಗೂಡಿನಲ್ಲಿ ನನ್ನ ಅಂಗಡಿಯ ಎದುರಿಗೇ ಇರುವ ಸ್ಪೇರ್ ಪಾರ್ಟ್ಸಿನವರಿಗೆ ಫೋಟೋ ಕಳಿಸಿದೆ. “ಐತೆ ಸಾ. ಬಸ್ಸಿಗೆ ಹಾಕ್ತೀನಿ, ಇಸ್ಕೊಳ್ಳಿ” ಎಂದರು.

ನಮ್ಮ ಕಡೆ ಅರ್ಧ ಸಂಸಾರ ಹೀಗೆಯೇ ನಡೆಯುತ್ತದೆ. ಕನ್ನಡಕ, ಜಾತಕ, ಮರೆತುಬಂದ ಚಾರ್ಜರು, ಮಾವಿನ ಮಿಡಿ, ಎಲ್ಲವೂ ಕಂಡಕ್ಟರ ಕೈಯಲ್ಲಿ ಊರಿಂದೂರಿಗೆ ಪ್ರಯಾಣ ಮಾಡುತ್ತವೆ. ನಾನೂ ಎಷ್ಟೋ ಸಲ ಔಷಧಿ ಕಳಿಸಿದ್ದೇನೆ, ಕಳಿಸಿ ಎಷ್ಟೋ ಸಲ ನಿದ್ದೆಗೆಟ್ಟಿದ್ದೇನೆ. ಬಾವನ ಸ್ಕೂಟರು ತೆಗೆದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಹೋಗಿ ನಿಂತೆ. ಬಂದ ಬಸ್ಸಿಗೆಲ್ಲ ಓಡಿದೆ. ತಲಕಾಡಿನಿಂದ ಬಂದ ಬಸ್ಸಿಗೂ ಓಡಿದೆ. ಅದು ನಂಜನಗೂಡಿನ ಕಡೆಯದೇ ಅಲ್ಲ.

ಅಷ್ಟರಲ್ಲಿ ಬಾವನ ಫೋನು. ದನಿ ಮೊದಲ ಬಾರಿಗೆ ಸಣ್ಣಗಿತ್ತು. “ಲೇ, ನೋವು ಬತ್ತಾ ಅದೆ ಅವಳ್ಗೆ.”

“ಡಾಕ್ಟ್ರಿಗೆ ಫೋನ್ ಮಾಡಿದ್ರಾ?”

“ನಿಮ್ಮಕ್ಕ ಮಾಡ್ದಳು. ಮೊದಲ್ನೇದು, ಇನ್ನೂ ಟೈಮ್ ಅದೆ, ನಿಧಾನಕ್ ಬನ್ನಿ ಅಂದ್ರಂತೆ. ನಾನು ಆಂಬುಲೆನ್ಸ್ ಕರೀತೀನಿ ಅಂದ್ರೆ ಇವ್ಳು ಬ್ಯಾಡ ಅಂತವ್ಳೆ. ಮಾವನೇ ಬೇಕಂತೆ.”

“ಮುಂದಿನ ಬಸ್ಸಲ್ಲಿ ಸೆನ್ಸರ್ ಬರ್ಲಿಲ್ಲ ಅಂದ್ರೆ ಕರೀರಿ ಬಾವ. ಅವಳ ಮಾತು ಕೇಳ್ಬೇಡಿ.”

ಹೇಳಿದೆನಾದರೂ, ಬಸ್ಸು ಬರಲಿ ಎಂದು ನಾನು ಅಷ್ಟು ಆಸೆಪಟ್ಟದ್ದು ಕಾಲೇಜಿನ ದಿನಗಳಲ್ಲೂ ಇಲ್ಲ. ಬಂತು. ಧೂಳೆಬ್ಬಿಸಿಕೊಂಡು, ಓರೆಯಾಗಿ, ಮೂರು ಸಲ ಹಾರನ್ ಹೊಡೆದುಕೊಂಡು ಬಂತು. ನಿಲ್ಲುವ ಮೊದಲೇ ಕಂಡಕ್ಟರು ಬಾಗಿಲಲ್ಲಿ ಕೈಯೆತ್ತಿ, “ಸೆನ್ಸರ್ ಯಾರ್ದ್ರೀ, ಸೆನ್ಸರು?” ಎಂದು ಕೂಗಿದರು.

“ನಂದು! ನಂದು! ನಂದೇ!”

“ಇದೇನ್ ಸಾ, ಗೋಲಿ ಅಷ್ಟದೆ. ಇದುಕ್ಕೆ ಅಂಗಡಿಯವ್ರು ಅಷ್ಟೊಂದ್ ಸಲ ಜೋಪಾನ, ಜೋಪಾನ ಅಂದ್ರಲ್ಲ?”

“ಅಕ್ಕನ ಮಗ್ಳಿಗೆ ಹೆರಿಗೆ ನೋವು!” ಎಂದು ಪೊಟ್ಟಣ ಕಿತ್ತುಕೊಂಡು ಓಡಿದೆ. ಹೆರಿಗೆಗೂ ಸೆನ್ಸರಿಗೂ ಏನು ಸಂಬಂಧವೆಂದು ಆ ಬಸ್ಸಿನಲ್ಲಿದ್ದವರು ಮುಂದಿನ ದಾರಿಯ ಉದ್ದಕ್ಕೂ ಚರ್ಚಿಸಿರಬೇಕು.

ಶೆಡ್ಡಿಗೆ ಬಂದಾಗ ಅಕ್ಕ ಆಸ್ಪತ್ರೆಯ ಬ್ಯಾಗನ್ನು ತಂದು ಹಿಂದಿನ ಸೀಟಿನ ಮೇಲೆ ಇಟ್ಟಾಗಿತ್ತು. ಮಗಳು ಜಗಲಿಯಲ್ಲಿ ಕಂಬ ಹಿಡಿದುಕೊಂಡು ನಿಂತು ಉಸಿರು ಬಿಡುತ್ತಿದ್ದಳು. ಬಾವ ಸ್ಪ್ಯಾನರು ಎತ್ತಿಕೊಂಡರು.

“ಬಾವ, ನಾನು ಹಾಕ್ತೀನಿ.”

“ನೀನಾ?”

“ನಿಮ್ದು ಟ್ರ್ಯಾಕ್ಟರ್ ಕೈ. ಒಂದ್ ಸಲ ಬಿಗಿದ್ರೆ ಸೆನ್ಸರಿನ ಹಿತ್ತಾಳೆ ಕುತ್ತಿಗೆ ಕಿತ್ತು ಬಂದುಬಿಡುತ್ತೆ.”

ಅವರು ಮಗಳ ಕಡೆ ನೋಡಿದರು, ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. ಫಿಲ್ಟರಿನ ಹಿಂದಿನ ಆ ಇಕ್ಕಟ್ಟಿಗೆ ಕಣ್ಣು ಹೋಗುವುದಿಲ್ಲ, ಕೈ ಮಾತ್ರ ಹೋಗುತ್ತದೆ. ವಾಷರು ಬಿದ್ದುಹೋಗದಂತೆ ಬೆರಳಿನಿಂದ ಒತ್ತಿ ಹಿಡಿದು, ತೂತಿನ ಬಾಯಿ ತಡಕಾಡಿ, ಸೆನ್ಸರನ್ನು ನೆಟ್ಟಗೆ ಹಿಡಿದು ತಿರುಗಿಸಿದೆ. ಮೊದಲ ಸುತ್ತು ಹಿಡಿಯಲಿಲ್ಲ. ಎರಡನೆಯದಕ್ಕೆ ಮೆಲ್ಲಗೆ ಕಚ್ಚಿಕೊಂಡಿತು. ಬೆರಳಿಗೆ ಅದು ಗೊತ್ತಾದಾಗ ಆದ ಸಂತೋಷವನ್ನು ಹೇಗೆ ಹೇಳುವುದು? ಐವತ್ತರ ಅಂಚಿನಲ್ಲಿ ನನ್ನ ಕೈ ಮೊದಲ ಸಲ ನಡುಗದೆ ಒಂದು ಕೆಲಸ ಮಾಡಿತ್ತು. ಕೈಯಲ್ಲೇ ಬಿಗಿಯುವಷ್ಟು ಬಿಗಿದು, ಸ್ಪ್ಯಾನರಿನಲ್ಲಿ ಇನ್ನೊಂಚೂರು ತಿರುಗಿಸಿ, ಪ್ಲಗ್ಗು ಒತ್ತಿದೆ. ‘ಟಿಕ್’ ಅಂದಿತು.

ಕೀ. ದೀಪ ಕೆಂಪಗೆ ಹತ್ತಿತು. ಇಂಜಿನ್ ಶುರುವಾಯಿತು. ದೀಪ ಆರಿತು.

“ಆರ್ತು!” ಎಂದೆ. “ಆರ್ತೂ!” ಎಂದು ಬಾವ ಊರಿಗೇ ಕೂಗಿದರು. ಕಂಬ ಹಿಡಿದವಳು ನೋವಿನಲ್ಲೇ ನಕ್ಕು, “ಮಾವ, ಈಗ್ಲಾದ್ರೂ ಹೋಗೋಣ್ವಾ?” ಎಂದಳು. ಬಾವ ಟಾರ್ಚು ಹಾಕಿ ನೋಡಿದರು. ಒಂದು ಹನಿ ಸೋರಿಕೆ ಇಲ್ಲ. ಬಾನೆಟ್ ಮುಚ್ಚಿದೆ. ಇಬ್ಬರ ಕೈಯೂ ಮೊಣಕೈವರೆಗೆ ಕಪ್ಪು. ಬಾವ ಹಿಂದಿನ ಸೀಟಿನ ಕಡೆಯಿಂದ ಒಂದು ಬಟ್ಟೆ ಎಳೆದು ಒರೆಸಿಕೊಂಡು ನನ್ನತ್ತ ಎಸೆದರು, ನಾನೂ ಒರೆಸಿಕೊಂಡೆ. ಬಟ್ಟೆ ಮೆತ್ತಗಿತ್ತು. ಮಡಿಸಿ, ಇದ್ದಲ್ಲೇ ಇಟ್ಟೆ. ಹೊರಟೆವು.

ದಾರಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಏಕೆಂದರೆ ನಾನು ದಾರಿಗಿಂತ ಹೆಚ್ಚಾಗಿ ದೀಪವನ್ನೇ ನೋಡುತ್ತಿದ್ದೆ. ಅದು ಹತ್ತಲಿಲ್ಲ. ಹಂಪು ಬಂದಾಗ ಹತ್ತಲಿಲ್ಲ, ಏರು ಬಂದಾಗ ಹತ್ತಲಿಲ್ಲ. ಹಿಂದೆ ಅಕ್ಕನ ತೋಳು ಹಿಡಿದುಕೊಂಡಿದ್ದವಳು ನೋವು ಬಂದಾಗ ಸುಮ್ಮನಾಗಿ, ನೋವು ಹೋದಾಗ, “ಮಾವ, ರಸ್ತೆ ನೋಡಿ. ದೀಪ ಅಪ್ಪ ನೋಡ್ತಾರೆ” ಎನ್ನುತ್ತಿದ್ದಳು. ಬಾವ ನಿಜಕ್ಕೂ ಬಗ್ಗಿ ನೋಡುತ್ತಲೇ ಕೂತಿದ್ದರು. ವರುಣಾ ಕೆರೆಯ ಹತ್ತಿರ ನನಗೆ ಒಂದು ವಿಚಿತ್ರ ಅರಿವಾಯಿತು. ನಾನು ಏನನ್ನೂ ಚಿಂತಿಸುತ್ತಿರಲಿಲ್ಲ. ಬಲಗಾಲ ಕೆಳಗೆ ಇಂಜಿನ್ನು, ಅದರ ಎದೆಯಲ್ಲಿ ನಾನೇ ಕೂರಿಸಿದ ಹಿತ್ತಾಳೆಯ ಚೂರು, ಕಿಟಕಿಯಿಂದ ಗದ್ದೆಯ ಗಾಳಿ. ಹಾಡು ಗೊತ್ತಿದ್ದರೆ ಹಾಡುತ್ತಿದ್ದೆ.

ಆಸ್ಪತ್ರೆಯ ಬಾಗಿಲಲ್ಲಿ ಅಳಿಯ ಗಾಲಿಕುರ್ಚಿ ಹಿಡಿದುಕೊಂಡೇ ನಿಂತಿದ್ದ. ಒಳಗೆ ಕರೆದುಕೊಂಡು ಹೋದರು. ಹೊತ್ತು ಇಳಿಯುವ ವೇಳೆಗೆ ಬಾಗಿಲು ತೆರೆದು ನರ್ಸು ಹೊರಗೆ ತಲೆ ಹಾಕಿದರು. “ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ. ಮಗೂಗೆ ಬಟ್ಟೆ ಕೊಡ್ರೀ, ಬೇಗ.”

ಬಾವ ನನ್ನನ್ನು ತಬ್ಬಿಕೊಂಡರು. ನಾನು ಅಳಿಯನನ್ನು ತಬ್ಬಿಕೊಂಡೆ. ಅಕ್ಕ ಕಣ್ಣೊರೆಸಿಕೊಳ್ಳುತ್ತ ಬ್ಯಾಗಿನ ಮೇಲಿನ ಬಟ್ಟೆ ತೆಗೆದಳು. ಹುಟ್ಟಿದ ಮಗುವಿಗೆ ನಮ್ಮಲ್ಲಿ ಹೊಸ ಬಟ್ಟೆ ಸೋಕಿಸುವುದಿಲ್ಲ. ತುಂಬು ಬಾಳು ಬಾಳಿದ ಹಿರಿಯರ, ಒಗೆದೊಗೆದು ಹೂವಿನಂತಾದ ಬಟ್ಟೆಯಲ್ಲೇ ಮೊದಲು ಸುತ್ತಬೇಕು. ಅವರ ಆಯುಸ್ಸು ಮಗುವಿಗೆ ಬರಲಿ ಎಂದು. ತೊಂಬತ್ತು ದಾಟಿ ಹೋದ ತನ್ನ ಮಾವನವರ ನೂಲಿನ ಪಂಚೆಯನ್ನು ಅಕ್ಕ ಬಿಸಿನೀರಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, ಮಡಿಸಿ ಬ್ಯಾಗಿನ ಮೇಲಿಟ್ಟಿದ್ದಳು.

ಬಿಡಿಸಿದಳು. ಅದರ ತುಂಬ ಕಪ್ಪು ಅಂಗೈಗಳು.

ಅಕ್ಕ ನಮ್ಮಿಬ್ಬರ ಕಡೆ ತಿರುಗಿದಳು. “ನಿಮ್ಮಪ್ಪನ ಪಂಚೆ ಕಣ್ರೀ ಇದು! ಗುರ್ತು ಸಿಗ್ನಿಲ್ವಾ ನಿಮ್ಗೆ?”

“ಮಡ್ಸಿದ್ರೆ ಎಂಗ್ ಗೊತ್ತಾಯ್ತದೆ?” ಎಂದರು ಬಾವ. ಟ್ರ್ಯಾಕ್ಟರಿನ ಗಂಟಲು ಎಲ್ಲೋ ಹೋಗಿತ್ತು.

“ಒರ್ಸ್ಕೊಂಡಿದ್ದೂ ಅಲ್ದೆ ಮತ್ತೆ ಮಡ್ಸಿ ಬೇರೆ ಇಟ್ಟವ್ರೆ! ಯಾರ್ ಮಡ್ಸಿದ್ದು?”

ನಾನು ಗೋಡೆಯ ಮೇಲಿದ್ದ ಲಸಿಕೆಯ ಪಟ ನೋಡತೊಡಗಿದೆ. ನರ್ಸು ಕೈ ಚಾಚಿಕೊಂಡೇ ನಿಂತಿದ್ದರು. ಅಕ್ಕ ಪಂಚೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಸರ್ರನೆ ಹರಿದಳು. ಕಪ್ಪಾದ ಅರ್ಧವನ್ನು ನಮ್ಮ ಮುಖಕ್ಕೆ ಎಸೆದು, ಬಿಳಿಯ ಅರ್ಧವನ್ನು ಒಳಗೆ ಕೊಟ್ಟಳು.

ಆಮೇಲೆ ಮಗುವನ್ನು ತಂದರು. ಅಜ್ಜನ ಅಪ್ಪನ ಪಂಚೆಯಲ್ಲಿ ಮುಷ್ಟಿ ಬಿಗಿದುಕೊಂಡು ಮಲಗಿತ್ತು. ಅದರ ಕಾಲಿನ ಕಡೆ, ಬಟ್ಟೆಯ ಹೊರ ಅಂಚಿನಲ್ಲಿ, ಒಂದೇ ಒಂದು ಹೆಬ್ಬೆರಳ ಗುರುತು ಉಳಿದುಕೊಂಡಿತ್ತು.

“ನಿಂದೇ ಕಣ್ಲಾ ಅದು” ಎಂದರು ಬಾವ ಪಿಸುದನಿಯಲ್ಲಿ.

“ಇಲ್ಲ ಬಾವ. ಅಗಲ ನೋಡಿ. ನಿಮ್ದೇ.”